ಅಸ್ತ್ರ ನಾಶವಾಯಿತು, ಉಸಿರಿನ ಗಾಯ ಉಳಿಯಿತು

2023ರ ಜುಲೈನಲ್ಲಿ ಅಮೆರಿಕ ತನ್ನ ಕೊನೆಯ ರಾಸಾಯನಿಕ ಅಸ್ತ್ರವನ್ನು ನಾಶಪಡಿಸುವುದರೊಂದಿಗೆ, ನಿಷೇಧ ಒಪ್ಪಂದದ ಸದಸ್ಯ ರಾಷ್ಟ್ರಗಳು ಘೋಷಿಸಿದ್ದ ದಾಸ್ತಾನೆಲ್ಲ ಮುಗಿಯಿತು. ಸಮಾಧಾನದ ಸಂಗತಿಯೇ. ಆದರೆ ಆ ಅಸ್ತ್ರಗಳಿಗೆ ಗುರಿಯಾದವರ ಶ್ವಾಸಕೋಶಗಳಲ್ಲಿ ಯುದ್ಧ ಇನ್ನೂ ಮುಗಿದಿಲ್ಲ.

1987ರ ಜೂನ್ 28ರಂದು ಇರಾಕಿನ ವಿಮಾನಗಳು ಇರಾನಿನ ಗಡಿಪಟ್ಟಣ ಸರ್ದಶ್ತ್ ಮೇಲೆ ಮಸ್ಟರ್ಡ್ ಅನಿಲದ ಬಾಂಬುಗಳನ್ನು ಎಸೆದವು. ನೂರಕ್ಕೂ ಹೆಚ್ಚು ಮಂದಿ ಮಡಿದರು. ಸಾವಿರಾರು ಜನ ವಿಷಬಾಧೆಗೆ ಒಳಗಾದರು. ಈ ವಿಷ ತಗುಲಿದ ಕ್ಷಣದಲ್ಲಿ ನೋವಿರುವುದಿಲ್ಲ. ಕೆಲವು ಗಂಟೆಗಳ ಬಳಿಕ ಕಣ್ಣು ಉರಿಯುತ್ತದೆ, ಚರ್ಮದಲ್ಲಿ ಬೊಕ್ಕೆ ಏಳುತ್ತದೆ. ಬೊಕ್ಕೆ ಮಾಯಬಹುದು. ಆದರೆ ಶ್ವಾಸಕೋಶದ ಅತಿ ಸಣ್ಣ ವಾಯುನಾಳಗಳು ಕಲೆಗಟ್ಟಿ, ವರ್ಷಗಳುದ್ದಕ್ಕೂ ಕಿರಿದಾಗುತ್ತ ಹೋಗುತ್ತವೆ. ಕೆಮ್ಮು, ಕಫ, ಏದುಸಿರು ನಿತ್ಯದ ಪಾಡಾಗುತ್ತದೆ. ಸಾಮಾನ್ಯ ಎಕ್ಸ್‌-ರೇಯಲ್ಲಿ ದೋಷ ಕಾಣದಿರುವುದೂ ಉಂಟು. ಪೂರ್ತಿ ಗುಣಪಡಿಸುವ ಔಷಧವಿಲ್ಲ. ಇನ್‌ಹೇಲರ್, ಆಮ್ಲಜನಕಗಳಿಂದ ಯಾತನೆ ತಗ್ಗಿಸಬಹುದಷ್ಟೆ.

ಆ ಅಲ್ಪ ಉಪಶಮನಕ್ಕೂ ಅಡ್ಡಿಗಳಿವೆ. 2018ರಲ್ಲಿ ಅಮೆರಿಕ ಇರಾನಿನ ಮೇಲೆ ಮರಳಿ ನಿರ್ಬಂಧ ಹೇರಿದಾಗ, ಔಷಧಗಳಿಗೆ ಕಾಗದದ ಮೇಲೆ ವಿನಾಯಿತಿ ಇತ್ತು. ಹಣ ವರ್ಗಾಯಿಸಲು ಮಾತ್ರ ಬ್ಯಾಂಕುಗಳು ಹಿಂಜರಿದವು. ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆಯು ಸಂತ್ರಸ್ತರಿಗಾಗಿ 2011ರಲ್ಲಿ ಆರಂಭಿಸಿದ ನೆರವಿನ ಜಾಲ ನಿಂತಿರುವುದು ರಾಷ್ಟ್ರಗಳ ಸ್ವಯಂಪ್ರೇರಿತ ದೇಣಿಗೆಯ ಮೇಲೆ.

ವಿಷಾನಿಲ ಉಸಿರಾಡಿದವರು ದಶಕಗಳ ಕಾಲ ಬೆಲೆ ತೆರುತ್ತಾರೆಂಬುದನ್ನು 1984ರ ಭೋಪಾಲ್ ದುರಂತ ಕಂಡ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಭಾರತ ತನ್ನ ಮಸ್ಟರ್ಡ್ ದಾಸ್ತಾನನ್ನು 2009ರಲ್ಲೇ ಸಂಪೂರ್ಣ ನಾಶಪಡಿಸಿದೆ. ಔಷಧ ತಯಾರಿಕೆಯಲ್ಲೂ ಮುಂಚೂಣಿಯಲ್ಲಿದೆ. ಆದ್ದರಿಂದ ಸಂತ್ರಸ್ತರಿಗೆ ಔಷಧ ತಲುಪಿಸುವ ಹೊಣೆಯನ್ನೂ ನಾವು ಹೊರಬೇಕೆಂಬುದು ನನ್ನ ನಿಲುವು. ಅಸ್ತ್ರ ತ್ಯಜಿಸಿದ ಮಾತ್ರಕ್ಕೆ ಋಣ ತೀರುವುದಿಲ್ಲ.