ದ್ವೀಪ ಸರ್ಕಾರದ್ದು, ದಾರಿ ಯಾರದು?

ಟಿಕೆಟನ್ನು ಮಾವ ಎರಡು ಸಲ ತಿರುಗಿಸಿ ನೋಡಿದರು. ಅವರು ಸಾಗರ ತಾಲ್ಲೂಕಿನವರು. ಶರಾವತಿ ಹಿನ್ನೀರಿನ ಹೊಳೆಬಾಗಿಲಲ್ಲಿ ಲಾಂಚಿಗೆ ಕಾದು ಕಾದೇ ಕೂದಲು ಹಣ್ಣಾದವರು. ‘ಇಪ್ಪತ್ತು ನಿಮಿಷದ ನೀರಿಗೆ ಇಷ್ಟಾ?’ ಎಂದರು. ಆಮೇಲೆ ಡಾಲರನ್ನು ರೂಪಾಯಿಗೆ ಗುಣಿಸಲು ಹೊರಟರು. ಅದನ್ನು ಮಾತ್ರ ನಾನು ತಡೆದೆ. ಊರಿಂದ ಬಂದ ಹಿರಿಯರು ಗುಣಾಕಾರಕ್ಕೆ ಇಳಿದರೆ ಪ್ರವಾಸ ಅಲ್ಲಿಗೇ ಮುಗಿದ ಹಾಗೆ.

ನಾವು ಹೊರಟಿದ್ದು ಮಿಷಿಗನ್ನಿನ ಉತ್ತರ ಭಾಗದ ಮ್ಯಾಕಿನಾಕ್ ದ್ವೀಪಕ್ಕೆ. ಬರೆಯುವುದು ಮ್ಯಾಕಿನಾಕ್, ಹೇಳುವುದು ಮ್ಯಾಕಿನಾ. ಕೊನೆಯ ಕಕಾರ ಉಚ್ಚರಿಸಿದರೆ ಹೊಸಬರೆಂದು ಗೊತ್ತಾಗಿಬಿಡುತ್ತದೆ. ಡೆಟ್ರಾಯಿಟ್ ಸುತ್ತಲಿನ ನೋವೈ, ಕ್ಯಾಂಟನ್, ಟ್ರಾಯ್‌ಗಳ ಕನ್ನಡ ಮನೆಗಳಿಗೂ ಶಿಕಾಗೊ ಕಡೆಯ ನೇಪರ್‌ವಿಲ್ಲಿನವರಿಗೂ ಇದು ನಡುದಾರಿಯ ಬೀಗರೂಟದ ಜಾಗ. ಇಲ್ಲಿಂದ ನಾಲ್ಕೂವರೆ ತಾಸು, ಅಲ್ಲಿಂದ ಆರೂವರೆ. ಉದ್ದ ವಾರಾಂತ್ಯ ಬಂತೆಂದರೆ ಡಿಕ್ಕಿಯಲ್ಲಿ ಪುಳಿಯೋಗರೆ, ಮೊಸರನ್ನ, ಚಕ್ಕುಲಿ ಡಬ್ಬಿ. ಎರಡು ರಾತ್ರಿಗೆ ಹೋಟೆಲು. ದ್ವೀಪದಲ್ಲಿ ಕಾರಿಲ್ಲ. 1898ರಲ್ಲೇ ಮೋಟಾರು ಗಾಡಿ ಬೇಡವೆಂದು ಹೊರಗಿಟ್ಟ ಊರು ಅದು. ಬೇಸಿಗೆಯಲ್ಲಿ ಊರಿನ ಜನ ಎಷ್ಟೋ ಕುದುರೆಗಳೂ ಹೆಚ್ಚುಕಡಿಮೆ ಅಷ್ಟೇ, ಆರುನೂರರ ಆಸುಪಾಸು. ದೋಣಿ ಇಳಿದ ಕೂಡಲೇ ಮೂಗಿಗೆ ಎರಡು ವಾಸನೆ ಒಟ್ಟಿಗೇ ಬಡಿಯುತ್ತವೆ: ಹಸಿ ಲದ್ದಿಯದು ಒಂದು, ಕಾಯಿಸಿದ ಬೆಣ್ಣೆ-ಸಕ್ಕರೆಯದು ಇನ್ನೊಂದು. ಎರಡನೆಯದು ಫಜ್. ಅಮೃತಶಿಲೆಯ ಹಾಸಿನ ಮೇಲೆ ಸುರಿದು, ಉದ್ದ ಸಲಿಕೆಯಲ್ಲಿ ಮಗುಚಿ ಮಗುಚಿ ದಿಂಡು ಮಾಡುತ್ತಾರೆ. ನಮ್ಮ ಧಾರವಾಡ ಪೇಡೆಯ ದೂರದ ದಾಯಾದಿ. ಪ್ರವಾಸಿಗರಿಗೆ ಅಲ್ಲಿಯವರು ಇಟ್ಟ ಅಡ್ಡಹೆಸರೇ ‘ಫಜಿ’. ದ್ವೀಪದ ಸುತ್ತ ಹದಿಮೂರು ಕಿಲೋಮೀಟರ್ ಸೈಕಲ್ಲು, ಕೋಟೆ, ಕಲ್ಲಿನ ಕಮಾನು, ಕಲ್ಲುಗಳೇ ತುಂಬಿದ ದಂಡೆಯಲ್ಲಿ ಮಕ್ಕಳ ಕಪ್ಪೆಕುಪ್ಪಳ ಎಸೆತ, ಒಂದಷ್ಟು ಅಂಗಡಿ ಸುತ್ತಾಟ, ಅರ್ಧ ಪೌಂಡ್ ಫಜ್. ಚೊಕ್ಕ ರಜೆ. ಅದರ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ತಕರಾರು ಇರುವುದು ನೀರಿನ ಬಗ್ಗೆ.

ಎಷ್ಟೋ ವರ್ಷ ಈ ದ್ವೀಪಕ್ಕೆ ದೋಣಿ ಬಿಡುವ ಕಂಪನಿಗಳು ಒಂದಕ್ಕಿಂತ ಹೆಚ್ಚಿದ್ದವು. ಶೆಪ್ಲರ್ ಮನೆತನದವರು 1945ರಿಂದ ನಡೆಸುತ್ತಿದ್ದರು, ಪೈಪೋಟಿಗೆ ಬೇರೆಯವರಿದ್ದರು. ಈಚಿನ ಕೆಲವೇ ವರ್ಷಗಳಲ್ಲಿ ಶೆಪ್ಲರ್ಸ್ ಮತ್ತು ಈಗ ಅರ್ನಾಲ್ಡ್ ಎಂಬ ಹಳೆಯ ಹೆಸರು ಹೊತ್ತಿರುವ ಕಂಪನಿ, ಎರಡೂ ಹಾಫ್‌ಮನ್ ಕುಟುಂಬದ ಒಂದೇ ಉದ್ಯಮ ಸಮೂಹದ ಕೈಸೇರಿದವು. ಹಡಗುಕಟ್ಟೆಯಲ್ಲಿ ಹೆಸರು ಎರಡು, ಬಣ್ಣ ಎರಡು, ಗಲ್ಲಾಪೆಟ್ಟಿಗೆ ಒಂದು. ದೋಣಿ ದರವನ್ನೂ ದಡದ ಪಾರ್ಕಿಂಗ್ ಶುಲ್ಕವನ್ನೂ ನಿಗದಿ ಮಾಡುವ ಹಕ್ಕು ಯಾರದೆಂಬ ಜಗಳದಲ್ಲಿ 2025ರಲ್ಲಿ ದ್ವೀಪದ ನಗರಾಡಳಿತವೂ ಕಂಪನಿಗಳೂ ಕೋರ್ಟಿನಲ್ಲಿ ಎದುರುಬದುರಾದವು. ಹೋಗಿಬರುವ ಟಿಕೆಟ್ಟು ದೊಡ್ಡವರಿಗೆ ಮೂವತ್ತು ಡಾಲರು ದಾಟಿ ಎಷ್ಟೋ ದಿನವಾಯಿತು. ಪಕ್ಕದಲ್ಲೇ, ಕಣ್ಣಳತೆಯಲ್ಲೇ, 1957ರಲ್ಲಿ ತೆರೆದ ಐದು ಮೈಲಿಯ ಮ್ಯಾಕಿನಾಕ್ ಸೇತುವೆ ತೂಗುತ್ತಿದೆ, ದ್ವೀಪಕ್ಕಲ್ಲ, ಜಲಸಂಧಿಯ ಆಚೆ ದಡಕ್ಕೆ. ಅದರ ಮೇಲೆ ಇಡೀ ಸಂಸಾರ ತುಂಬಿದ ಕಾರಿಗೆ ಟೋಲ್ 4 ಡಾಲರ್.

ನಮ್ಮ ಕನ್ನಡ ಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ನಾನು ಈ ಮಾತೆತ್ತಿದಾಗ ಬಂದ ಉತ್ತರ: ‘ವರ್ಷಕ್ಕೊಮ್ಮೆ ಹೋಗುವವರು ನಾವು, ಅವರ ದೋಣಿ, ಅವರ ದರ. ದುಬಾರಿ ಅನ್ನಿಸಿದರೆ ಬೇರೆ ಕಡೆ ಹೋಗೋಣ. ಡಿಸ್ನಿಯವನಿಗೆ ಹೋಗಿ ಕೇಳ್ತೀರಾ?’ ಹೋಳಿಗೆ ಬಡಿಸುತ್ತಿದ್ದವರೂ ತಲೆಯಾಡಿಸಿದರು. ಎಲೆಯ ಮುಂದೆ ವಾದ ಬೇಡವೆಂದು ಸುಮ್ಮನಾದೆ. ಈಗ ಹೇಳುತ್ತೇನೆ.

ಡಿಸ್ನಿಯವನ ಜಾಗ ಡಿಸ್ನಿಯವನದು. ಮ್ಯಾಕಿನಾಕ್ ದ್ವೀಪದ ನೂರಕ್ಕೆ ಎಂಬತ್ತರಷ್ಟು ನೆಲ ಮಿಷಿಗನ್ ರಾಜ್ಯದ ಪಾರ್ಕು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾದ ಮೂರೇ ವರ್ಷಕ್ಕೆ, 1875ರಲ್ಲಿ, ಇದನ್ನೂ ರಾಷ್ಟ್ರೀಯ ಉದ್ಯಾನ ಮಾಡಿದ್ದರು. 1895ರಲ್ಲಿ ರಾಜ್ಯಕ್ಕೆ ಒಪ್ಪಿಸಿದರು. ನಾವು ಸೈಕಲ್ ಹೊಡೆಯುವ ಆ ಸುತ್ತುರಸ್ತೆ ಇದೆಯಲ್ಲ, ಅದು ರಾಜ್ಯ ಹೆದ್ದಾರಿ, ಎಂ-185. ಕಾರೇ ಓಡದ ಹೆದ್ದಾರಿ ಎಂದು ಫೋಟೊ ತೆಗೆದು ಊರಿಗೆಲ್ಲ ಕಳಿಸುತ್ತೇವೆ. ಅಂದರೆ ಕಾಡು ನಮ್ಮ ತೆರಿಗೆಯದು, ರಸ್ತೆ ನಮ್ಮ ತೆರಿಗೆಯದು, ನಡುವಿನ ನೀರಿನ ಪಟ್ಟಿ ಮಾತ್ರ ಒಬ್ಬ ಮಾಲೀಕನ ಮರ್ಜಿಯದು. ಮನೆ ನಿಮ್ಮದು, ಹೊಸಿಲಿಗೆ ಬಾಡಿಗೆ ಕೊಡಿ ಎಂದ ಹಾಗೆ.

ಈ ದ್ವೀಪಕ್ಕೆ ಏಕಸ್ವಾಮ್ಯ ಹೊಸದಲ್ಲ ಅನ್ನುವುದು ಇನ್ನೊಂದು ತಮಾಷೆ. ಇನ್ನೂರು ವರ್ಷದ ಹಿಂದೆ ಜಾನ್ ಜೇಕಬ್ ಆಸ್ಟರನ ಅಮೆರಿಕನ್ ಫರ್ ಕಂಪನಿ ಇಲ್ಲೇ ಠಾಣ್ಯ ಹೂಡಿ, ಮಹಾಸರೋವರಗಳ ಸುತ್ತಲಿನ ಚರ್ಮದ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿತ್ತು. ಬೀವರ್ ಮುಗಿದ ಮೇಲೆ ಬಂದದ್ದು ಪ್ರವಾಸಿ. 1887ರ ಗ್ರ್ಯಾಂಡ್ ಹೋಟೆಲನ್ನು ಕಟ್ಟಿಸಿದವರು ಹೋಟೆಲಿನವರಲ್ಲ, ಎರಡು ರೈಲು ಕಂಪನಿಗಳು ಮತ್ತು ಡೆಟ್ರಾಯಿಟ್-ಕ್ಲೀವ್‌ಲ್ಯಾಂಡಿನ ಒಂದು ಹಡಗು ಕಂಪನಿ. ದಾರಿ ಯಾರ ಕೈಯಲ್ಲಿದೆಯೋ ಊರಿನ ರಜೆಯೂ ಅವರ ಕೈಯಲ್ಲಿ ಎಂಬ ಲೆಕ್ಕ ಅವರಿಗೆ ಅಂದೇ ಗೊತ್ತಿತ್ತು. ಟಿಕೆಟ್ಟಿನ ಗೊಡವೆಯೇ ಇಲ್ಲದೆ ಬರುವವರೂ ಇದ್ದಾರೆ ಅನ್ನಿ: ಕಾರನ್ನು ಹೊರಗಿಟ್ಟ ಅದೇ 1898ರಲ್ಲಿ ಶಿಕಾಗೊದಿಂದ ಹಾಯಿದೋಣಿ ಪಂದ್ಯ ಶುರುವಾಯಿತು. ಈಗಲೂ ಪ್ರತಿ ಜುಲೈಯಲ್ಲಿ ಯಾಟ್ ಉಳ್ಳವರು ಸ್ವಂತ ಹಾಯಿ ಏರಿಸಿಕೊಂಡು 333 ಮೈಲಿ ಬರುತ್ತಾರೆ.

‘ದೋಣಿ ನಡೆಸುವುದು ಸುಲಭವಲ್ಲ’ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ದುಡಿಮೆಯ ತಿಂಗಳುಗಳು ಬೆರಳೆಣಿಕೆ, ಇಂಧನ, ರಿಪೇರಿ, ಹಿಮ, ಸಂಬಳ. ಲಾಭವೂ ಬೇಕು, ಸರಿ. ಆದರೆ ಪೈಪೋಟಿ ಇರುವಲ್ಲಿ ದರ ಹೆಚ್ಚೋ ಕಡಿಮೆಯೋ ಎಂದು ಪಕ್ಕದ ಕೌಂಟರು ಹೇಳುತ್ತದೆ. ಪೈಪೋಟಿ ಇಲ್ಲದಲ್ಲಿ ಹೇಳುವವರು ಯಾರು? ನಮ್ಮ ಮನೆಗೆ ಕರೆಂಟು ಕೊಡುವ ಕಂಪನಿಯೂ ಖಾಸಗಿಯೇ, ಬೇರೆ ತಂತಿ ಎಳೆಸಿಕೊಳ್ಳುವ ಹಾಗೂ ಇಲ್ಲ. ಆದ್ದರಿಂದಲೇ ದರ ಏರಿಸಬೇಕಾದರೆ ಅದು ಲ್ಯಾನ್ಸಿಂಗ್‌ನ ಪಬ್ಲಿಕ್ ಸರ್ವಿಸ್ ಕಮಿಷನ್ ಮುಂದೆ ಲೆಕ್ಕಪತ್ರ ಹಿಡಿದು ನಿಲ್ಲಬೇಕು. ನಿಂತ ಮೇಲೂ ಬಿಲ್ಲು ಏರುತ್ತದೆ, ನಾವು ಬೈಯುತ್ತೇವೆ. ಆದರೆ ಲೆಕ್ಕ ಬಯಲಲ್ಲಿರುತ್ತದೆ. ದೋಣಿಗೂ ಪಾರ್ಕಿಂಗಿಗೂ ಅದೇ ಆಗಲಿ. ಪಾರ್ಕಿಂಗನ್ನು ಬಿಟ್ಟು ಟಿಕೆಟನ್ನಷ್ಟೇ ಹಿಡಿದರೆ ಪ್ರಯೋಜನವಿಲ್ಲ, ಈ ಜೇಬಿನದು ಆ ಜೇಬಿಗೆ ಹೋಗುತ್ತದೆ. ಐನೂರು-ಆರುನೂರು ಜನರ ಊರಿನ ಪುರಸಭೆಯ ಕೈಗೆ ಈ ಕೆಲಸ ಕೊಡುವುದೂ ನನಗೆ ಒಪ್ಪಿಗೆಯಿಲ್ಲ. ದೋಣಿಗಳಿಗೆ ಪರವಾನಗಿ ಕೊಟ್ಟು ಅದರಿಂದಲೇ ಶುಲ್ಕ ಪಡೆಯುವ ಊರು ಅದು, ತಕ್ಕಡಿಯಲ್ಲಿ ಅದರ ಬೆರಳೂ ಇದೆ.

ಇದು ಕಮ್ಯುನಿಸಮ್ಮು ಎಂದು ಮೂಗೆಳೆಯುವವರು ಸ್ವಲ್ಪ ಉತ್ತರಕ್ಕೆ ನೋಡಬೇಕು. ಅದೇ ಸೀಮೆಯ ಡ್ರಮಂಡ್, ಶುಗರ್, ನೀಬಿಷ್ ದ್ವೀಪಗಳಿಗೆ ದೋಣಿ ನಡೆಸುವುದು ಒಂದು ಸಾರ್ವಜನಿಕ ಸಾರಿಗೆ ಪ್ರಾಧಿಕಾರ. ಅಷ್ಟೇಕೆ, ಸೇತುವೆ ಆಗುವವರೆಗೆ, 1923ರಿಂದ 1957ರ ತನಕ, ಈ ಜಲಸಂಧಿಯಲ್ಲಿ ಕಾರುಗಳನ್ನು ದಾಟಿಸುತ್ತಿದ್ದದ್ದು ಸ್ವತಃ ಮಿಷಿಗನ್ ರಾಜ್ಯದ ಹಡಗುಗಳು. ಕಾರಿಗೆ ಸರ್ಕಾರಿ ದೋಣಿ ಬೇಕೆಂದು ಹೊಳೆದವರಿಗೆ ಕಾರಿಲ್ಲದ ದ್ವೀಪಕ್ಕೆ ಹೋಗುವ ಕಾಲುಗಳು ಕಾಣದೇ ಹೋದವೇ?

ಇನ್ನೊಂದು ವಾದ ಸ್ವಲ್ಪ ನಯವಾದದ್ದು: ದರ ಇಳಿದರೆ ಜಂಗುಳಿ ನುಗ್ಗುತ್ತದೆ, ದ್ವೀಪ ಕೆಡುತ್ತದೆ. ಇದನ್ನು ಹೇಳುವವರು ಒಮ್ಮೆ ಡೆಟ್ರಾಯಿಟ್ಟಿನ ಬೆಲ್ ಐಲಿಗೆ ಹೋಗಿಬರಲಿ. ನೋವೈಯಿಂದ ಮುಕ್ಕಾಲು ಗಂಟೆ. ನಮ್ಮವರು ಅಲ್ಲಿಗೆ ಹೋಗುವುದು ಕಡಿಮೆ. ಯಾಕೆ ಎಂದರೆ ‘ಆ ಕಡೆ ಅಷ್ಟು ಸೇಫ್ ಅಲ್ಲ’ ಎಂದು ದನಿ ತಗ್ಗಿಸುತ್ತಾರೆ. ಆ ತಗ್ಗಿದ ದನಿಯ ಅರ್ಥ ಎಲ್ಲರಿಗೂ ಗೊತ್ತು. ಇಪ್ಪತ್ತು ವರ್ಷ ನಾನೂ ಹಾಗೇ ದನಿ ತಗ್ಗಿಸಿದವನು. ನದಿಯ ನಡುವೆ 982 ಎಕರೆ, ಓಲ್ಮ್‌ಸ್ಟೆಡ್ ನಕ್ಷೆ ಹಾಕಿದ ಪಾರ್ಕು, 1904ರ ಮೀನಿನ ಮನೆ, ಆಚೆ ದಡದಲ್ಲಿ ಕೆನಡಾ, ಮರಳಿನ ಪುಟ್ಟ ಬೀಚು. ನಗರ ದಿವಾಳಿಯೆದ್ದ ಮೇಲೆ 2014ರಲ್ಲಿ ರಾಜ್ಯ ಇದನ್ನು 30 ವರ್ಷದ ಗುತ್ತಿಗೆಗೆ ತೆಗೆದುಕೊಂಡು ಕಾರುಗಳಿಗೆ ಪಾಸು ಕಡ್ಡಾಯ ಮಾಡಿತು. ಆಗ ಡೆಟ್ರಾಯಿಟ್ಟಿನ ಕಪ್ಪು ಜನ ಸಿಟ್ಟಾದರು. ತಲೆಮಾರುಗಳಿಂದ ಭಾನುವಾರ ಕಾರಿನಲ್ಲಿ ಸುತ್ತು ಹಾಕಿ ಇದ್ದಿಲೊಲೆ ಹೂಡಿ ಕೂರುತ್ತಿದ್ದ ಜಾಗಕ್ಕೆ ಗೇಟು ಯಾಕೆಂದು ಕೇಳಿದರು. ಕೇಳಿದ್ದು ಸರಿ. ಪಾಸು ಇಡೀ ವರ್ಷಕ್ಕೆ ಹತ್ತು-ಹದಿನೈದು ಡಾಲರಿನ ಮಾತು. ಸೇತುವೆ ಮೇಲೆ ನಡೆದೋ ಸೈಕಲ್ಲಿನಲ್ಲೋ ಬಂದರೆ ಅದೂ ಬೇಡ. ಆದರೂ ಕೇಳಿದರು. ಬೇಸಿಗೆಯ ವಾರಾಂತ್ಯದಲ್ಲಿ ದ್ವೀಪ ತುಂಬಿದರೆ ಸೇತುವೆಯನ್ನು ಸ್ವಲ್ಪ ಹೊತ್ತು ಮುಚ್ಚುತ್ತಾರೆ, ಕೆಲವರು ಹೊರಟ ಮೇಲೆ ತೆರೆಯುತ್ತಾರೆ. ಜಂಗುಳಿ ತಡೆಯುವ ಈ ಕ್ರಮದಲ್ಲಿ ಬೆನ್ಜ್‌ನವನೂ ಹಳೇ ಶೆವಿಯವನೂ ಒಂದೇ ಸಾಲಿನಲ್ಲಿ ಕಾಯುತ್ತಾರೆ. ದರ ಏರಿಸಿ ಜಂಗುಳಿ ತಡೆದರೆ ಯಾರು ಕಾಯಬೇಕಿಲ್ಲ, ಯಾರು ಬರಲೇಬಾರದು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಶಿಕಾಗೊದವರು ಈ ವಿಷಯದಲ್ಲಿ ನಮಗಿಂತ ಬುದ್ಧಿವಂತರು. ಅಂಚೆಯಲ್ಲಿ ಸಾಮಾನು ಮಾರಿ ಹೆಸರಾದ ಮಾಂಟ್‌ಗೊಮರಿ ವಾರ್ಡ್ ಎಂಬ ವ್ಯಾಪಾರಿ, ಕೆರೆಯಂಚಿನ ಗ್ರ್ಯಾಂಟ್ ಪಾರ್ಕಿನಲ್ಲಿ ಕಟ್ಟಡ ಏಳಬಾರದೆಂದು 1890ರಿಂದ ಇಪ್ಪತ್ತು ವರ್ಷ ತನ್ನ ಊರಿನ ಮೇಲೇ ಕೋರ್ಟಿನಲ್ಲಿ ಬಡಿದಾಡಿದ. ದೊಡ್ಡವರ ಸಿಟ್ಟು ಕಟ್ಟಿಕೊಂಡ. ನೇಪರ್‌ವಿಲ್ಲಿನ ನನ್ನ ಷಡ್ಡಕ ಇವತ್ತು ಬಂದವರನ್ನೆಲ್ಲ ಪುಕ್ಕಟೆ ಕರೆದೊಯ್ದು ‘ನಮ್ಮ ಲೇಕ್’ ಎಂದು ಮೀಸೆ ತಿರುವುವುದು ಆ ಬಡಿದಾಟದ ಮೇಲೆ ನಿಂತು.

ಮಾವನ ಲಾಂಚಿಗೆ ಬರುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ತುಮರಿ ಕಡೆಯ ಊರುಗಳು ನೀರಿನಾಚೆ ಉಳಿದವು. ಅವರಿಗೆ ಸರ್ಕಾರ ಕೊಟ್ಟದ್ದು ಲಾಂಚು. ಅದನ್ನು ನಾನು ಹೊಗಳಲಾರೆ: ಕೆಟ್ಟು ನಿಲ್ಲುತ್ತಿತ್ತು, ಸಂಜೆಯ ಕೊನೆಯ ಟ್ರಿಪ್ಪು ತಪ್ಪಿದರೆ ರೋಗಿಯೂ ದಡದಲ್ಲೇ. ಸಿಗಂದೂರಿನ ಭಕ್ತರಿಗೆ ಅದು ಮೋಜಿನ ಸವಾರಿ, ತುಮರಿಯವರಿಗೆ ದಿನದ ಪಾಡು. ಆದರೂ ಅದು ರಸ್ತೆಯ ಬದಲಿಗೆ ಬಂದದ್ದು, ಅದರ ದರ ರಸ್ತೆಯ ಹಾಗೇ ಇರಬೇಕು ಎಂಬುದರಲ್ಲಿ ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ. 2025ರ ಜುಲೈ 14ರಂದು ಸೇತುವೆ ತೆರೆದಾಗ ‘ಛೆ, ಲಾಂಚಿನ ಮಜಾ ಹೋಯ್ತು’ ಎಂದವರು ಬೆಂಗಳೂರಿನವರು. ಮಾವ ಫೋನಿನಲ್ಲಿ ಹೇಳಿದ್ದು ಬೇರೆ: ‘ಇನ್ನು ಗಡಿಯಾರ ನೋಡೋದು ಬೇಡ ಮಾರಾಯ.’

ಮ್ಯಾಕಿನಾಕಿಗೆ ಸೇತುವೆ ಬೇಡ, ಅಲ್ಲಿಯವರೂ ಕೇಳಿಲ್ಲ. ಅಲ್ಲಿ ವರ್ಷವಿಡೀ ಇರುವ ಕುಟುಂಬಗಳಿಗೆ ತಮ್ಮದೇ ಒಂದು ದಾರಿಯಿದೆ. ಗಟ್ಟಿ ಚಳಿ ಬಿದ್ದು ಸರೋವರ ಹೆಪ್ಪುಗಟ್ಟಿದಾಗ, ಕ್ರಿಸ್ಮಸ್ ಮುಗಿದು ಮನೆಯಿಂದ ಹೊರಬಿದ್ದ ಮರಗಳನ್ನೆಲ್ಲ ಒಟ್ಟುಮಾಡಿ, ಸೇಂಟ್ ಇಗ್ನೇಸ್ ದಡದವರೆಗೆ ಹಿಮದ ಮೇಲೆ ಸಾಲಾಗಿ ನೆಡುತ್ತಾರೆ. ಬಿರುಗಾಳಿಯಲ್ಲೂ ದಾರಿ ತಪ್ಪದಿರಲಿ ಎಂದು. ಮರದ ಗುರುತು ಹಿಡಿದು ಹಿಮಬಂಡಿಯಲ್ಲಿ ದಡಕ್ಕೆ ಹೋಗಿ ದಿನಸಿ ತರುತ್ತಾರೆ. ಆ ದಾರಿಗೆ ಕೌಂಟರಿಲ್ಲ, ಟಿಕೆಟ್ಟಿಲ್ಲ. ಈಗೀಗ ಕೆಲವು ಚಳಿಗಾಲ ಅದೂ ಕಟ್ಟುವುದಿಲ್ಲ.