ರೀಮೇಕ್ ಅಂತ ಮೂಗು ಮುರಿಯುವವರಿಗೆ

ಗಾಂಧಿನಗರ ನಮಗೆ ಕಲಿಸಿಕೊಟ್ಟ ಎರಡು ಪದಗಳಿವೆ: ರೀಮೇಕ್ ಮತ್ತು ಸ್ವಮೇಕ್. ಮೊದಲನೆಯದು ಬೈಗುಳ, ಎರಡನೆಯದು ಬಿರುದು. ಸಿನಿಮಾದ ಮಟ್ಟಿಗೆ ಹೇಗೋ ಇರಲಿ, ಈಗ ವಿಡಿಯೋ ಗೇಮ್‌ಗಳನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ. 'ಬಾಂಬ್ ರಷ್ ಸೈಬರ್‌ಫಂಕ್' ಆಡುತ್ತಿದ್ದೇನೆ ಎಂದು ಇಲ್ಲಿ ಪುಣೆಯ ಗೆಳೆಯರೊಬ್ಬರಿಗೆ ಹೇಳಿದೆ. "ಅದು ಜೆಟ್ ಸೆಟ್ ರೇಡಿಯೋದ ರೀಮೇಕ್ ಅಲ್ವಾ ಮಾರಾಯ್ರೇ, ಒರಿಜಿನಲ್ ಇರುವಾಗ ಅದ್ಯಾಕೆ?" ಅಂದರು. ಆ 'ಅದ್ಯಾಕೆ'ಗೆ ಅವತ್ತು ಉತ್ತರ ಕೊಡಲಿಲ್ಲ, ಈಗ ಕೊಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 'ಜೆಟ್ ಸೆಟ್ ರೇಡಿಯೋ' 2000ನೇ ಇಸವಿಯಲ್ಲಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್‌ಗೆ ಬಂದ ಆಟ. ಟೋಕಿಯೋ ಹೋಲುವ ಊರಿನಲ್ಲಿ ಸ್ಕೇಟ್ಸ್ ಕಟ್ಟಿಕೊಂಡ ಹುಡುಗ ಹುಡುಗಿಯರು ಕಂಬಿಗಳ ಮೇಲೆ ಜಾರುತ್ತಾ, ಗೋಡೆಗಳಿಗೆ ಬಣ್ಣ ಸಿಂಪಡಿಸುತ್ತಾ, ಪೊಲೀಸರಿಂದ ತಪ್ಪಿಸಿಕೊಳ್ಳುತ್ತಾರೆ. ಕೈಯಲ್ಲಿ ಬರೆದ ಕಾರ್ಟೂನಿನಂಥ ಚಿತ್ರಣ, ಹಿಡೆಕಿ ನಾಗನುಮಾ ಅವರ ಕುಣಿಸುವ ಸಂಗೀತ. 2002ರಲ್ಲಿ ಎಕ್ಸ್‌ಬಾಕ್ಸ್‌ಗೆ ಎರಡನೇ ಭಾಗ 'ಜೆಟ್ ಸೆಟ್ ರೇಡಿಯೋ ಫ್ಯೂಚರ್' ಬಂತು. ಆಮೇಲೆ ಸೆಗಾ ಇಪ್ಪತ್ತು ವರ್ಷ ಸುಮ್ಮನಿತ್ತು. 2023ರ ಆಗಸ್ಟ್‌ನಲ್ಲಿ ಟೀಮ್ ರೆಪ್ಟೈಲ್ ಎಂಬ ನೆದರ್ಲೆಂಡ್ಸಿನ ಸಣ್ಣ ತಂಡ ಅದೇ ಜಾತಿಯ ಆಟ ಮಾಡಿ ಬಿಟ್ಟಿತು. ನಾಗನುಮಾ ಅದಕ್ಕೂ ಕೆಲವು ಹಾಡು ಕೊಟ್ಟಿದ್ದಾರೆ.

ನನ್ನ ವಾದಕ್ಕೆ ಒಂದು ಅನುಕೂಲವಿದೆ. ನನಗೆ ಈ ಆಟದ ಜೊತೆ ಬಾಲ್ಯವಿಲ್ಲ. 2000ದಲ್ಲಿ ನಮ್ಮ ಹಾಸ್ಟೆಲ್‌ನಲ್ಲಿ ಡ್ರೀಮ್‌ಕಾಸ್ಟನ್ನು ಕಣ್ಣಿಂದ ನೋಡಿದವರೇ ಇರಲಿಲ್ಲ. ಮೊದಲ ಆಟವನ್ನು ಆಡಿದ್ದು 2012ರಲ್ಲಿ ಅದು ಪಿಸಿಗೆ ಬಂದಾಗ, ಮಗಳು ಮಲಗಿದ ಮೇಲೆ ಸಿಗುವ ಒಂದು ಗಂಟೆಯಲ್ಲಿ. ಹಾಗಾಗಿ ಅದರ ದೋಷಗಳು ನನಗೆ ದೋಷಗಳಾಗಿಯೇ ಕಂಡವು, ನೆನಪುಗಳಾಗಿ ಅಲ್ಲ.

ದೊಡ್ಡ ದೋಷ ಗಡಿಯಾರ. ಮೊದಲ ಆಟದ ಪ್ರತಿ ಹಂತಕ್ಕೂ ಸಮಯ ನಿಗದಿ. ಇಷ್ಟು ನಿಮಿಷದೊಳಗೆ ಗುರುತು ಹಾಕಿದ ಗೋಡೆಗಳಿಗೆಲ್ಲ ಬಣ್ಣ ಬಳಿಯಬೇಕು, ಇಲ್ಲವಾದರೆ ಮೊದಲಿನಿಂದ. ಅಷ್ಟು ಚೆಂದದ ಊರು ಕಟ್ಟಿ, ತಿರುಗಿ ನೋಡಲು ಬಿಡುವುದಿಲ್ಲ. ಹಗಲೆಲ್ಲ ಡೆಡ್‌ಲೈನ್ ಹಿಡಿದು ತಂಡದ ಹಿಂದೆ ಬೀಳುವುದೇ ನನ್ನ ಕಸುಬು. ರಾತ್ರಿ ಶಿಬುಯಾದಲ್ಲೂ ಅದೇ ಅಂದರೆ ಹೇಗೆ? "ಆ ಒತ್ತಡವೇ ಆಟದ ಜೀವ" ಎನ್ನುವವರಿದ್ದಾರೆ. ಸೆಗಾದವರಿಗೇ ಹಾಗನ್ನಿಸಿರಲಿಲ್ಲ, ಎರಡೇ ವರ್ಷದಲ್ಲಿ, 'ಫ್ಯೂಚರ್'ನಲ್ಲಿ, ಗಡಿಯಾರ ಕಿತ್ತು ಹಾಕಿದರು. ಬಾಂಬ್ ರಷ್‌ನಲ್ಲಿ ಒಂದು ಬಡಾವಣೆಗೆ ಬಂದರೆ ಎಷ್ಟು ಹೊತ್ತಾದರೂ ಅಲೆಯಬಹುದು. ಗಡಿಯಾರ ಬರುವುದು ಎದುರಾಳಿ ತಂಡದ ಜೊತೆ ಪಂದ್ಯಕ್ಕೆ ಇಳಿದಾಗ, ಅಂದರೆ ಅದಕ್ಕೆ ಕೆಲಸ ಇರುವಲ್ಲಿ ಮಾತ್ರ.

ಇನ್ನು ಗೋಡೆಯ ಮೇಲೆ ಬರೆಯುವ ವಿಷಯ. ಮೊದಲ ಆಟದಲ್ಲಿ ದೊಡ್ಡ ಚಿತ್ರಕ್ಕೆ ಒಂದೇ ಕಡೆ ನಿಂತು, ಪರದೆಯಲ್ಲಿ ಬರುವ ಬಾಣಗಳಂತೆ ಸಾಲಾಗಿ ಸ್ಟಿಕ್ ತಿರುಗಿಸಬೇಕಿತ್ತು. ಹಿಂದೆ ಪೊಲೀಸರು ಬರುತ್ತಿರುತ್ತಾರೆ, ಕೈ ನಡುಗುತ್ತದೆ. ಅದರ ರುಚಿ ನನಗೂ ಗೊತ್ತು. ಆದರೆ ಬಾಣ ಹೇಳಿದಂತೆ ಬರೆಯುವುದು ಕಾಪಿ ಪುಸ್ತಕ ತಿದ್ದಿದ ಹಾಗೆ. 'ಫ್ಯೂಚರ್' ಈ ಕಷ್ಟ ತೆಗೆಯಲು ಹೋಗಿ ಬರಹವನ್ನೇ ತೆಗೆಯಿತು. ಓಡುತ್ತಾ ಗುಂಡಿ ಒತ್ತಿದರೆ ಮುಗಿಯಿತು. ಬಾಂಬ್ ರಷ್ ಕೆಲವೇ ಗೀಟು ಕೇಳುತ್ತದೆ, ಆದರೆ ಚುಕ್ಕಿಗಳನ್ನು ಯಾವ ಕ್ರಮದಲ್ಲಿ ಸೇರಿಸುತ್ತೀರಿ ಎನ್ನುವುದರ ಮೇಲೆ ಯಾವ ಚಿತ್ರ ಮೂಡಬೇಕೆಂಬುದು ನಿರ್ಧಾರವಾಗುತ್ತದೆ. ನಮ್ಮ ಅಂಗಳದ ಚುಕ್ಕಿ ರಂಗೋಲಿ ಇದ್ದಂತೆ. ಕೆಲವು ದಿನ ಆಡಿದ ಮೇಲೆ ಕೈಗೆ ತನ್ನ ಇಷ್ಟದ ಚಿತ್ರಗಳು ಬಾಯಿಪಾಠವಾಗುತ್ತವೆ.

ಆದರೆ ನಾನು ಈ ಆಟದ ಪರ ನಿಂತಿರುವುದು ಇದಕ್ಕಲ್ಲ, ಅಂಕ ಕೊಡುವ ಲೆಕ್ಕಾಚಾರಕ್ಕೆ. ಮೊದಲ ಆಟದಲ್ಲಿ ನೆಲ ಮುಟ್ಟಿದರೆ ಸರಣಿ ಮುರಿಯುತ್ತಿತ್ತು. ಅದೇ 2000ದಲ್ಲಿ 'ಟೋನಿ ಹಾಕ್'ನ ಎರಡನೇ ಆಟ ಇದಕ್ಕೆ ದಾರಿ ತೋರಿಸಿತ್ತು: ನೆಲದ ಮೇಲೂ ಹಲಗೆಯನ್ನು ಎರಡೇ ಚಕ್ರದಲ್ಲಿ ತೂಗಿಸಿಕೊಂಡು ಹೋದರೆ ಸರಣಿ ಉಳಿಯುತ್ತದೆ. ಬಾಂಬ್ ರಷ್ ಅದನ್ನು ಎತ್ತಿಕೊಂಡಿದೆ, ಹೌದು, ಎತ್ತಿಕೊಂಡಿದೆ. ಅದಕ್ಕೆ ತನ್ನದೊಂದು ನಿಯಮ ಸೇರಿಸಿದೆ. ಅಂಕದ ಗುಣಕ ಏರಬೇಕಾದರೆ ಕಂಬಿಯ ತಿರುವಿನಲ್ಲಿ ಸರಿಯಾದ ಕಡೆಗೆ ಮೈ ವಾಲಿಸಬೇಕು, ಜಾಹೀರಾತು ಫಲಕಗಳ ಮೇಲೆ ಓಡಬೇಕು. ಒಂದು ಸರಣಿಯಲ್ಲಿ ಒಮ್ಮೆ ಬಳಸಿದ ತಿರುವು ಮತ್ತೆ ಲೆಕ್ಕಕ್ಕಿಲ್ಲ. ಟೋನಿ ಹಾಕ್‌ನಲ್ಲಿ ಕೈ ಪಳಗಿದವನು ಒಂದೇ ಮೂಲೆಯಲ್ಲಿ ಗಿರಕಿ ಹೊಡೆದು ಅಂಕ ಗುಡ್ಡೆ ಹಾಕಬಹುದು. ಇಲ್ಲಿ ಹೊಸ ತಿರುವಿಗಾಗಿ ಹೊಸ ಬೀದಿಗೆ ಹೋಗಲೇಬೇಕು. ಮಿಲೇನಿಯಂ ಸ್ಕ್ವೇರ್‌ನಲ್ಲಿ ಒಂದು ರಾತ್ರಿ ನೆಲಕ್ಕೆ ಬೀಳದೆ ಇಡೀ ಚೌಕ ಸುತ್ತಿ ಹೊರಟ ಕಂಬಿಗೇ ವಾಪಸು ಬಂದಾಗ, ಈ ಊರು ನನಗೆ ಗೊತ್ತು ಅನ್ನಿಸಿತು. ಮೊದಲ ಆಟ ಆಸೆ ಹುಟ್ಟಿಸಿ ಗಡಿಯಾರ ತೋರಿಸಿ ಓಡಿಸಿದ್ದು ಈ ಅನುಭವದಿಂದಲೇ.

ಕೊರತೆ ಇಲ್ಲವೆಂದಲ್ಲ. ಪೊಲೀಸರ ಜೊತೆ ಹೊಡೆದಾಟ ಸಪ್ಪೆ. ಬೇಸರವಾದರೆ ರಸ್ತೆಬದಿಯ ಶೌಚಾಲಯಕ್ಕೆ ನುಗ್ಗಿ ಬಟ್ಟೆ ಬದಲಿಸಿ ಬಂದರಾಯಿತು, ಅವರಿಗೆ ಗುರುತೇ ಸಿಗುವುದಿಲ್ಲ. (ಈ ತಮಾಷೆ ಮಾತ್ರ ನನಗೆ ಇಷ್ಟ.) ತಲೆ ಕಳೆದುಕೊಂಡ ನಾಯಕನ ಕತೆ ಉದ್ದವಾಯಿತು. ಎಲ್ಲಕ್ಕಿಂತ, ಮೊದಲ ಆಟದಲ್ಲಿ ನಮ್ಮದೇ ಚಿತ್ರ ಬಿಡಿಸಿ ಗೋಡೆಗೆ ಹಾಕಬಹುದಿತ್ತು. ಇಪ್ಪತ್ಮೂರು ವರ್ಷ ತಡವಾಗಿ ಬಂದ ಆಟದಲ್ಲಿ ಆ ಸೌಲಭ್ಯವಿಲ್ಲದಿರುವುದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ.

ಹಾಗಾದರೆ ಕಳ್ಳತನದ ಆರೋಪ? ಗ್ರಾಫಿಟಿ ಬರೆಯುವವರಲ್ಲೇ ಇದಕ್ಕೊಂದು ಪದವಿದೆ, 'ಬೈಟಿಂಗ್': ಇನ್ನೊಬ್ಬರ ಶೈಲಿಯನ್ನು ಕಚ್ಚಿ ತನ್ನದೆನ್ನುವುದು. ಅವರ ಪೈಕಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆದರೆ 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಫೇಸ್ 2 ಬರೆದ ಉಬ್ಬಿದ ಗುಳ್ಳೆಯಂಥ ಅಕ್ಷರಗಳನ್ನು ನೋಡಿ, ಕಲಿತು, ಹಿಗ್ಗಿಸಿ, ತಿರುಚಿದವರಿಂದಲೇ ಆ ಕಲೆ ರೈಲು ಡಬ್ಬಿಗಳ ತುಂಬ ಹಬ್ಬಿತು. ಕಚ್ಚುವುದಕ್ಕೂ ಕಲಿಯುವುದಕ್ಕೂ ವ್ಯತ್ಯಾಸ ಅವರಿಗೆ ಗೊತ್ತಿತ್ತು. ಬಾಂಬ್ ರಷ್‌ನವರು ಗುರುವಿನ ಅಕ್ಷರದ ಓರೆಯನ್ನು ಪ್ರೀತಿಯಿಂದ ಉಳಿಸಿಕೊಂಡು ತಪ್ಪನ್ನು ತಿದ್ದಿದ್ದಾರೆ. ಸೆಗಾ ಏನು ಮಾಡಿತು? 'ಫ್ಯೂಚರ್' ಇಂದಿಗೂ ಹಳೆಯ ಎಕ್ಸ್‌ಬಾಕ್ಸ್‌ಗಳಲ್ಲೇ ಉಳಿದಿದೆ. "ಒರಿಜಿನಲ್ ಇರುವಾಗ" ಎನ್ನುವ ಗೆಳೆಯರು ಅದನ್ನು ಅಂಗಡಿಯಲ್ಲಿ ಹೊಸದಾಗಿ ಕೊಂಡು ತೋರಿಸಲಿ.

2023ರ ಡಿಸೆಂಬರ್‌ನಲ್ಲಿ, ಬಾಂಬ್ ರಷ್ ಬಂದು ನಾಲ್ಕು ತಿಂಗಳಿಗೆ, ಸೆಗಾ ಹೊಸ ಜೆಟ್ ಸೆಟ್ ರೇಡಿಯೋ ಮಾಡುತ್ತಿರುವುದಾಗಿ ಘೋಷಿಸಿತು. ಬರಲಿ, ನಾನೂ ಕೊಳ್ಳುತ್ತೇನೆ. ಆಟ ಶುರುವಾದ ಕೂಡಲೇ ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿದೆಯೇ ಎಂದು ನೋಡುತ್ತೇನೆ.