ಇಂಜಿನಿಯರ್ ಓದಿದ ಮಕ್ಕಳು ನಮ್ಮೂರ ಮೋರಿ ನೋಡಲಿ

ಇಂಜಿನಿಯರ್ ಅಂದ್ರೆ ಈಗ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂರುವವನು ಅಂತಲೇ ಅರ್ಥ ಆಗಿದೆ. ಸಿವಿಲ್ ಓದುತ್ತೇನೆ ಅನ್ನೋ ಹುಡುಗನಿಗೆ ಮನೆಯವರೇ ‘ಮಣ್ಣು ಹೊರೋ ಕೆಲಸ ಯಾಕೋ’ ಅಂತಾರೆ. ಮಣ್ಣು ಹೊತ್ತೇ ಬದುಕಿದ ನಾವು ಈ ಮಾತು ಆಡೋದು ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ನನ್ನದು ಚಿಕ್ಕಮಗಳೂರು ತಾಲ್ಲೂಕಿನ ಲಕ್ಯಾ ಕಡೆಯ ಬಯಲು ಭೂಮಿ. ಮಳೆ ನಂಬಿದ ರಾಗಿ ಬೇಸಾಯ. ಮಗಳನ್ನು ಕೊಟ್ಟಿರೋದು ಕಳಸದ ಕಡೆಗೆ. ಹಾಗಾಗಿ ಒಂದೇ ಜಿಲ್ಲೆಯ ಎರಡು ಲೋಕವನ್ನೂ ನೋಡಿದ್ದೇನೆ. ನಮ್ಮಲ್ಲಿ ಮೂವತ್ತು ಇಂಚು ಮಳೆ ಬಂದರೆ ಒಳ್ಳೇ ವರ್ಷ. ಅಲ್ಲಿ ನೂರು ಇಂಚು ದಾಟುತ್ತೆ. ಆದರೂ ಮಾರ್ಚ್ ತಿಂಗಳಲ್ಲಿ ಎರಡೂ ಕಡೆ ಹೆಂಗಸರು ಕೊಡ ಹಿಡಿದು ನಿಂತಿರುತ್ತಾರೆ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಭದ್ರೆ ಹರಿಯೋದು ಕಳಸದ ಪಕ್ಕದಲ್ಲಿ. ಅಂದಮೇಲೆ ಕೊರತೆ ನೀರಿನದಲ್ಲ, ನೀರಿನ ಲೆಕ್ಕ ಇಡುವವರದು.

ಒಂದು ಉದಾಹರಣೆ. ಮಗಳ ಊರಿಗೆ ಗುಡ್ಡದ ಅಬ್ಬಿಯಿಂದ ಪೈಪ್ ಎಳೆದು ನಲ್ಲಿ ಹಾಕಿದರು. ಅಬ್ಬಿ ನೋಡಲು ಬಂದಿದ್ದು ಮಳೆ ಬಿಟ್ಟ ಹೊಸದರಲ್ಲಿ. ಆಗ ನೀರು ಧುಮುಕುತ್ತಿತ್ತು. ಬೇಸಿಗೆಗೆ ನಲ್ಲಿ ಒಣಗಿತು. ಅಬ್ಬಿಯನ್ನು ಅಳೆಯಬೇಕಾದ್ದು ಮಾರ್ಚ್ ಕೊನೆಯಲ್ಲಿ, ಏಪ್ರಿಲ್‌ನಲ್ಲಿ. ಅದಕ್ಕೆ ದೊಡ್ಡ ಯಂತ್ರ ಬೇಡ, ಒಂದು ಬಕೆಟ್ಟು, ಒಂದು ಗಡಿಯಾರ ಸಾಕು. ಹದಿನೈದು ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬಿದರೆ ದಿನಕ್ಕೆ 21,600 ಲೀಟರ್ ಆಯ್ತು. 2019ರಲ್ಲಿ ಶುರುವಾದ ಜಲಜೀವನ್ ಯೋಜನೆ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. ಐದು ಜನರ ನಲವತ್ತು ಮನೆಗೆ 11,000 ಲೀಟರ್. ಅಂದ್ರೆ ಅಷ್ಟು ಸಣ್ಣ ಅಬ್ಬಿಯೂ ಸಾಕು, ರಾತ್ರಿ ಹರಿದು ಹೋಗೋ ನೀರು ನಿಲ್ಲಿಸಲು ತಕ್ಕ ಟ್ಯಾಂಕ್ ಇದ್ದರೆ. ನಲ್ಲಿ ಎಷ್ಟೇ ಹಾಕಿದರೂ ಈ ಲೆಕ್ಕ ತಪ್ಪಿದರೆ ಅದು ಗೋಡೆಗೆ ಹೊಡೆದ ಗೂಟ ಅಷ್ಟೇ.

ರಸ್ತೆ ಕಥೆಯೂ ಇದೇ. ಮಲೆನಾಡಿನ ರಸ್ತೆ ಲಾರಿ ಭಾರಕ್ಕಿಂತ ಹೆಚ್ಚಾಗಿ ನೀರಿಗೆ ಹಾಳಾಗುತ್ತೆ. ಧರೆ ಕಡೆ ಚರಂಡಿ ಮುಚ್ಚಿಹೋದರೆ ನೀರು ಡಾಂಬರಿನ ಮೇಲೇ ಹರಿದು ಕೆಳಗಿನ ಅಂಚು ಕೊರೆಯುತ್ತೆ. ಮೋರಿಗೆ ಒಂದಡಿ ಪೈಪ್ ಬದಲು ಎರಡಡಿ ಪೈಪ್ ಹಾಕಿದರೆ ಅದರ ಬಾಯಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತೆ. ಇದು ಗೊತ್ತಿರೋ ಇಂಜಿನಿಯರ್ ಜುಲೈ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಒಂದು ಸಲ ನಡೆದರೆ ಮೋರಿ ಎಲ್ಲಿ ಬೇಕು ಅಂತ ನೀರೇ ತೋರಿಸುತ್ತೆ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆ ಗುಡ್ಡ ಜಾರಿತು, ಚಾರ್ಮಾಡಿ ಘಾಟಿ ಬಂದ್ ಆಯಿತು. ಅಂಥ ಮಳೆಯನ್ನು ಯಾರೂ ತಡೆಯೋಕಾಗಲ್ಲ. ಆದರೆ ಭದ್ರೆ ಏರಿದಾಗ ಹೆಬ್ಬಾಳೆ ಸೇತುವೆ ಮುಳುಗಿತು ಅನ್ನೋ ಸುದ್ದಿಯನ್ನು ಎಷ್ಟೋ ಮಳೆಗಾಲದಿಂದ ಕೇಳ್ತಾ ಬಂದಿದ್ದೇವಲ್ಲ, ಅದಕ್ಕೆ ಏನನ್ನೋಣ?

ದೂರದಲ್ಲಿ ಕೂತು ಮಾಡಿದ ನಿಯಮಗಳೂ ನಮಗೆ ಹೊಂದಲ್ಲ. 2000ದಲ್ಲಿ ಬಂದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಪ್ರದೇಶಕ್ಕೆ 500 ಜನ, ಗುಡ್ಡಗಾಡು ರಾಜ್ಯಗಳಿಗೆ 250 ಜನ ಇರುವ ಜನವಸತಿ ಅಂತ ಲೆಕ್ಕ ಹಿಡಿದರು. ನಮ್ಮ ಮಲೆನಾಡು ಗುಡ್ಡವೇ ಆದರೂ ಕರ್ನಾಟಕ ಗುಡ್ಡಗಾಡು ರಾಜ್ಯದ ಪಟ್ಟಿಯಲ್ಲಿಲ್ಲ. ಇಲ್ಲಿ ಐದು ಮನೆ, ಅಲ್ಲಿ ಹತ್ತು ಮನೆ ಇರೋ ಊರಲ್ಲಿ 500 ತಲೆ ಎಲ್ಲಿಂದ ತರೋದು? ಇದನ್ನು ಕಾಗದದಲ್ಲಿ ಬರೆದು ಮೇಲಿನವರಿಗೆ ಮನದಟ್ಟು ಮಾಡೋಕೆ ಊರು ಬಲ್ಲ ಇಂಜಿನಿಯರೇ ಬೇಕು.

ಈ ಕೆಲಸಕ್ಕೆ ಸೇರೋ ದಾರಿ ಕಷ್ಟದ್ದೇನಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಸಿವಿಲ್ ಡಿಪ್ಲೊಮಾ ಮಾಡಿದರೆ ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು. ಬಿ.ಇ. ಆದವರಿಗೆ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆ. ಡಿಪ್ಲೊಮಾ ಆದವರು ಬಿ.ಇ. ಎರಡನೇ ವರ್ಷಕ್ಕೇ ಸೇರಲೂಬಹುದು. ಚಿಕ್ಕಮಗಳೂರಲ್ಲೇ ಸರ್ಕಾರಿ ಪಾಲಿಟೆಕ್ನಿಕ್ಕೂ ಇದೆ, ಇಂಜಿನಿಯರಿಂಗ್ ಕಾಲೇಜೂ ಇದೆ. ಪಂಚಾಯತ್ ರಾಜ್, ಗ್ರಾಮೀಣ ಕುಡಿಯುವ ನೀರು, ಲೋಕೋಪಯೋಗಿ, ಪಟ್ಟಣ ಪಂಚಾಯ್ತಿ, ಇಷ್ಟು ಕಡೆ ಈ ಓದಿನವರು ಬೇಕು. ವಿಶ್ವೇಶ್ವರಯ್ಯನವರೂ 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅಸಿಸ್ಟೆಂಟ್ ಇಂಜಿನಿಯರಾಗಿಯೇ ಸೇರಿದ್ದು. ಮೈಸೂರಿನ ಚೀಫ್ ಇಂಜಿನಿಯರ್ ಆಗಿದ್ದು 1909ರಲ್ಲಿ.

‘ಅಲ್ಲಿ ಗುತ್ತಿಗೆದಾರರ ಕಾಟ, ಪುಢಾರಿಗಳ ಕಾಟ, ಪ್ರಾಮಾಣಿಕ ಬದುಕೋಕಾಗಲ್ಲ’ ಅಂತ ಕೆಲವರು ಹೇಳ್ತಾರೆ. ಸುಳ್ಳಲ್ಲ. ಕೆಲಸ ಅಳೆದು ಅಳತೆ ಪುಸ್ತಕದಲ್ಲಿ ಬರೆದ ಮೇಲೇ ಬಿಲ್ಲು ಆಗೋದು. ಹಾಗಾಗಿ ಆ ಪುಸ್ತಕ ಬರೆಯೋ ಕೈಯನ್ನು ಎಲ್ಲರೂ ಹಿಡಿದೆಳೀತಾರೆ. ಅದೇ ಕಾರಣಕ್ಕೆ ಆ ಕೈ ಗಟ್ಟಿ ಇರಬೇಕು, ಅದರ ಹಿಂದೆ ಊರು ನಿಲ್ಲಬೇಕು. ಊರಿನವನಾದ ಮಾತ್ರಕ್ಕೆ ಪ್ರಾಮಾಣಿಕ ಆಗಿಬಿಡ್ತಾನೆ ಅಂತಲ್ಲ. ಆದರೆ ತನ್ನ ತಾಯಿಯೇ ಆ ನಲ್ಲಿ ಮುಂದೆ ನಿಲ್ಲಬೇಕು ಅಂತ ಗೊತ್ತಿರುವವನು ಎರಡು ಸಲ ಯೋಚಿಸುತ್ತಾನೆ.

1987ರಲ್ಲಿ ಜಿಲ್ಲಾ ಪರಿಷತ್ತು ಬಂದಾಗ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ನಜೀರ್ ಸಾಬರನ್ನು ಜನ ‘ನೀರು ಸಾಬ್’ ಅಂತ ಕರೆದರು. ಹಳ್ಳಿಗೆ ಕೊಳವೆಬಾವಿ ತಂದವರನ್ನು ಹಳ್ಳಿ ಮರೆತಿಲ್ಲ. ಈ ಕೆಲಸದಲ್ಲಿ ಸಂಬಳದ ಜತೆ ಇಂಥ ಹೆಸರೂ ಸಿಗುತ್ತೆ.

ಹಾಗಂತ ಮಕ್ಕಳು ಓದಿ ಬರೋವರೆಗೆ ಸುಮ್ಮನೆ ಕೂರಬೇಕಿಲ್ಲ. ನಮ್ಮ ಕಡೆ ಕೆರೆಯ ತೂಬು, ಕೋಡಿ ನೋಡಿಕೊಳ್ಳಲು ನೀರುಗಂಟಿ ಇದ್ದ. ಅವನ ಮಾತಿಗೆ ಊರು ತಲೆಬಾಗುತ್ತಿತ್ತು. ಹಾಗೇ ಪ್ರತಿ ಊರಲ್ಲೂ ಒಬ್ಬರು ಏಪ್ರಿಲ್‌ನಲ್ಲಿ ಅಬ್ಬಿ ಅಳೆದು ಬರೆದಿಡಲಿ. ಜುಲೈಯಲ್ಲಿ ನೀರು ರಸ್ತೆ ಹತ್ತೋ ಜಾಗ ಗುರುತು ಮಾಡಲಿ. ಆ ಚೀಟಿಯನ್ನು ಗ್ರಾಮಸಭೆಯಲ್ಲಿ ಇಂಜಿನಿಯರ್ ಕೈಗೆ ಕೊಟ್ಟು ನಡಾವಳಿಯಲ್ಲಿ ಬರೆಸಿ. ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯೋ ಮಕ್ಕಳು ಮನೆಯಲ್ಲಿದ್ದರೆ, ಗಂಡಾಗಲಿ ಹೆಣ್ಣಾಗಲಿ, ಅಳೆಯೋಕೆ ಅವರನ್ನೂ ಕರೆದುಕೊಂಡು ಹೋಗಿ.